ವಿದೇಶದ ಇಂಗ್ಲಿಷ್ ಶಾಲೆಯ ಕರಾರನ್ನು ಕೊನೆಯ ಪುಟದಿಂದ ಓದಿ

ತಿಂಗಳಿಗೆ ಎರಡು ಕೋಟಿ ಸಂಬಳ ಎಂದು ಬರೆದ ಕಾಗದ ಬಂದರೆ ಮಂಡ್ಯದ ಯಾವ ಮನೆಯಲ್ಲಿ ತಾನೇ ಪಾಯಸ ಮಾಡುವುದಿಲ್ಲ? ಕಾಗದ ಸುಳ್ಳೇನಲ್ಲ. ಆದರೆ ಆ ಎರಡು ಕೋಟಿ ವಿಯೆಟ್ನಾಮಿನ ಡಾಂಗ್. ಒಂದು ರೂಪಾಯಿಗೆ ಸುಮಾರು 300 ಡಾಂಗ್ ಸಿಗುವುದರಿಂದ ಅದು ಅರವತ್ತಾರು ಸಾವಿರ ರೂಪಾಯಿಯ ಆಸುಪಾಸಿಗೆ ಇಳಿಯುತ್ತದೆ. ಅಲ್ಲಿ 183 ದಿನ ತುಂಬದ ವಿದೇಶಿಯರಿಗೆ ಸಾಮಾನ್ಯವಾಗಿ ಸಂಬಳದಲ್ಲಿ ನೇರವಾಗಿ 20% ತೆರಿಗೆ ಮುರಿಯುತ್ತಾರೆ. ಕೈಗೆ ಬರುವುದು ಐವತ್ತಮೂರು ಸಾವಿರ. ಅದರಲ್ಲೇ ಬಾಡಿಗೆ, ಊಟ, ಓಡಾಟ. ಇಷ್ಟಾದರೂ ನಮ್ಮ ಕಡೆಯ ಎಷ್ಟೋ ಖಾಸಗಿ ಕಾನ್ವೆಂಟುಗಳು ಕೊಡುವುದಕ್ಕಿಂತ ಹೆಚ್ಚೇ. ಹಾಗಾಗಿ ಹೋಗಬೇಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಪಾಯಸಕ್ಕೆ ಮೊದಲು ಲೆಕ್ಕ ಮಾಡಿ ಎನ್ನುತ್ತೇನೆ, ಅಷ್ಟೇ.

ನಾನು ವಿಯೆಟ್ನಾಮಿನ ಹನೋಯಿಯ ಒಂದು ಭಾಷಾ ಕೇಂದ್ರದಲ್ಲಿ, ಆಮೇಲೆ ಒಮಾನಿನ ಮಸ್ಕತ್‌ನಲ್ಲಿ ಇಂಗ್ಲಿಷ್ ಕಲಿಸಿ ಬಂದವಳು. ಈಗ ಮೈಸೂರಿನ ಕುವೆಂಪುನಗರದ ಮನೆಯಲ್ಲೇ ಸಂಜೆ ಪಾಠ ಹೇಳುತ್ತೇನೆ. ಮದ್ದೂರು, ಪಾಂಡವಪುರ, ಹುಣಸೂರು ಕಡೆಯಿಂದ ಬರುವ ಹುಡುಗ ಹುಡುಗಿಯರು ಪಾಠ ಮುಗಿದ ಮೇಲೆ ಮೊಬೈಲ್ ಮುಂದೆ ಹಿಡಿದು, "ಮೇಡಂ, ಇದನ್ನು ಸ್ವಲ್ಪ ನೋಡಿ" ಎನ್ನುತ್ತಾರೆ. ಅದು ಆಫರ್ ಲೆಟರ್ ಆಗಿರುತ್ತದೆ. ಅವರು ತೋರಿಸುವುದು ಮೊದಲ ಪುಟವನ್ನು: ಸಂಬಳ, ಉಚಿತ ಮನೆ, ವಿಮಾನದ ಟಿಕೆಟ್. ನಾನು ಕೊನೆಯ ಪುಟ ತೆಗೆಯಲು ಹೇಳುತ್ತೇನೆ. ಕೆಲಸ ಬಿಡುವುದರ ಬಗ್ಗೆ ಬರೆದಿರುವುದು ಅಲ್ಲಿ.

ಶಾಲೆ ಒಳ್ಳೆಯದೋ ಕೆಟ್ಟದ್ದೋ ಎಂಬುದಕ್ಕೆ ನನ್ನದು ಒಂದೇ ಪರೀಕ್ಷೆ. ಹೋದ ನಲವತ್ತನೆಯ ದಿನ ನಿಮಗೆ ವಾಪಸ್ ಬರಬೇಕೆನಿಸಿತು ಎಂದಿಟ್ಟುಕೊಳ್ಳಿ. ಆಗ ನಿಮ್ಮ ಕೈಯಲ್ಲಿ ಏನಿರುತ್ತದೆ, ಅವರ ಕೈಯಲ್ಲಿ ಏನಿರುತ್ತದೆ? ಪಾಸ್‌ಪೋರ್ಟ್ ಯಾರ ಹತ್ತಿರ? ಪದವಿಯ ಮೂಲ ಪ್ರಮಾಣಪತ್ರ ಯಾರ ಕಪಾಟಿನಲ್ಲಿ? ಮೊದಲ ತಿಂಗಳ ಸಂಬಳ ಬಂದಿದೆಯೋ, ಠೇವಣಿ ಎಂದು ಹಿಡಿದುಕೊಂಡಿದ್ದಾರೋ? ಮಲಗುವ ಕೋಣೆ ಯಾರ ಹೆಸರಿನಲ್ಲಿದೆ? ವೀಸಾ ರದ್ದಾದರೆ ದೇಶ ಬಿಡಲು ಎಷ್ಟು ದಿನ ಕೊಡುತ್ತಾರೆ? ಈ ಐದಕ್ಕೂ ಉತ್ತರ ಶಾಲೆಯ ಕಡೆಗೇ ವಾಲಿದರೆ ಸಂಬಳ ಎಷ್ಟಿದ್ದರೂ ಅದು ಒಳ್ಳೆಯ ಕೆಲಸವಲ್ಲ. ಕಬ್ಬು ಕಡಿದು ಗಾಡಿಗೆ ತುಂಬಿ ಕಾರ್ಖಾನೆಯ ಅಂಗಳದಲ್ಲಿ ನಿಲ್ಲಿಸಿದ ಮೇಲೆ ದರ ಕೇಳಿದರೆ ಏನಾಗುತ್ತದೆ ಎಂದು ಮಂಡ್ಯದವರಿಗೆ ನಾನು ಹೇಳಿಕೊಡಬೇಕಾಗಿಲ್ಲ. ನಿಂತಷ್ಟೂ ಒಣಗುತ್ತದೆ, ತೂಕ ಇಳಿಯುತ್ತದೆ, ಅವರು ಹೇಳಿದ್ದೇ ದರವಾಗುತ್ತದೆ. ಚೌಕಾಸಿ ಏನಿದ್ದರೂ ಇಲ್ಲಿ, ವಿಮಾನ ಹತ್ತುವ ಮುಂಚೆ.

ಮದ್ದೂರಿನ ಒಬ್ಬ ಹುಡುಗಿ ತಂದ ಕರಾರನ್ನೇ ನೋಡೋಣ. ಬಿ.ಎಡ್. ಮುಗಿಸಿ ಊರಿನ ಖಾಸಗಿ ಶಾಲೆಯಲ್ಲಿ ಪಾಠ ಮಾಡುತ್ತಿದ್ದವಳು. ಕರಾರು ವಿಯೆಟ್ನಾಮಿನ ಬಂದರು ನಗರ ಹೈಫಾಂಗ್‌ನ ಒಂದು ಭಾಷಾ ಕೇಂದ್ರದ್ದು, ಒಂದು ವರ್ಷದ ಅವಧಿಯದು. ಮುದ್ರಿಸಿಕೊಂಡು ಬಂದಿದ್ದಳು, ಅದು ನನಗೆ ಇಷ್ಟವಾಯಿತು. ಮೊಬೈಲಿನ ಮೇಲೆ ಬೆರಳಾಡಿಸುತ್ತಾ ಕರಾರು ಓದುವವರನ್ನು ನಾನು ನಂಬುವುದಿಲ್ಲ. ಕೊನೆಯ ಪುಟಕ್ಕೆ ಬಂದೆವು. ಶಿಕ್ಷಕಿ ಬಿಡುವುದಾದರೆ 60 ದಿನ ಮೊದಲೇ ತಿಳಿಸಬೇಕು, ಶಾಲೆ ತೆಗೆಯುವುದಾದರೆ 7 ದಿನ ಸಾಕು. ಮೊದಲ ತಿಂಗಳ ಸಂಬಳವನ್ನು ಭದ್ರತಾ ಠೇವಣಿಯಾಗಿ ಶಾಲೆ ಇಟ್ಟುಕೊಂಡು ವರ್ಷದ ಕೊನೆಗೆ ಕೊಡುತ್ತದೆ. ಮೂಲ ಪ್ರಮಾಣಪತ್ರಗಳು "ಸುರಕ್ಷತೆಯ ದೃಷ್ಟಿಯಿಂದ" ಕಚೇರಿಯಲ್ಲಿರುತ್ತವೆ.

ಪೆನ್ಸಿಲ್ ಹಿಡಿದು ಮೂರಕ್ಕೂ ಅಡ್ಡಗೆರೆ ಹಾಕಿದೆ. ವಿಯೆಟ್ನಾಮಿನ 2019ರ ಕಾರ್ಮಿಕ ಸಂಹಿತೆ 2021ರಿಂದ ಜಾರಿಯಲ್ಲಿದೆ. ನೌಕರರ ಮೂಲ ಗುರುತಿನ ಪತ್ರ, ಪದವಿ ಪತ್ರಗಳನ್ನು ಮಾಲೀಕರು ಇಟ್ಟುಕೊಳ್ಳುವಂತಿಲ್ಲ, ಕರಾರಿನ ಭದ್ರತೆಗೆಂದು ಹಣ ಕೇಳುವಂತಿಲ್ಲ ಎಂದು ಅದರಲ್ಲೇ ಇದೆ. ಹನ್ನೆರಡರಿಂದ ಮೂವತ್ತಾರು ತಿಂಗಳ ಕರಾರಿನಲ್ಲಿ ನೌಕರರು 30 ದಿನ ಮೊದಲು ತಿಳಿಸಿದರೆ ಸಾಕು. ಪದವಿ ಬೇಕಾಗುವ ಇಂಥ ಕೆಲಸಕ್ಕೆ ಪರೀಕ್ಷಾ ಅವಧಿ (ಪ್ರೊಬೇಷನ್) 60 ದಿನ ಮೀರಬಾರದು, ಆ ಅವಧಿಯಲ್ಲೂ ಸಂಬಳದ 85% ಆದರೂ ಕೊಡಬೇಕು. ಇದನ್ನೆಲ್ಲ ಜಗಳದ ಧಾಟಿಯಲ್ಲಿ ಬರೆಯಬಾರದು. ಅವಳಿಂದ ಬರೆಸಿದ ಇಮೇಲ್ ಮೂರೇ ಸಾಲಿನದು: ಎರಡೂ ಕಡೆಗೆ ಮೊದಲೇ ತಿಳಿಸುವ ಅವಧಿ 30 ದಿನ ಆಗಬಹುದೇ, ಮೊದಲ ತಿಂಗಳ ಸಂಬಳ ಆ ತಿಂಗಳೇ ಬರುತ್ತದೆಯೇ, ಪ್ರಮಾಣಪತ್ರಗಳ ನಕಲು ಕೊಟ್ಟು ಮೂಲವನ್ನು ನಾನೇ ಇಟ್ಟುಕೊಳ್ಳಬಹುದೇ. ನಾಲ್ಕು ದಿನ ಉತ್ತರ ಬರಲಿಲ್ಲ. ಅವಳ ತಾಯಿ ನನಗೆ ಫೋನ್ ಮಾಡಿ, "ಬಂದ ಕೆಲಸ ಕೈ ತಪ್ಪಿಹೋಗುತ್ತದೇನೋ ಮೇಡಂ" ಎಂದರು. ಐದನೆಯ ದಿನ ತಿದ್ದಿದ ಕರಾರು ಬಂತು, ಮೂರೂ ಒಪ್ಪಿಗೆಯಾಗಿತ್ತು. ಹೋದಳು, ಅಲ್ಲೇ ಇದ್ದಾಳೆ. ಒಂದು ಸಾಲು ತಿದ್ದಿಕೊಡಲು ಒಪ್ಪದ ಶಾಲೆ ನೀವು ಅಲ್ಲಿಗೆ ಹೋದ ಮೇಲೆ ರಜೆ ಕೊಡುತ್ತದೆಯೇ?

ಇನ್ನು ಗಂಟೆಗಳ ಲೆಕ್ಕ. ವಾರಕ್ಕೆ 20 ಗಂಟೆ ಎಂದು ಬರೆದಿದ್ದರೆ ಅದು ತರಗತಿಯಲ್ಲಿ ನಿಂತಿರುವ ಗಂಟೆ ಮಾತ್ರ. ಪಾಠದ ತಯಾರಿ, ಉತ್ತರ ತಿದ್ದುವುದು, ಪೋಷಕರಿಗೆ ವರದಿ, ಹೊಸ ಮಕ್ಕಳನ್ನು ಸೆಳೆಯಲು ಮಾಡುವ ಪ್ರದರ್ಶನ ಪಾಠ, ಹಬ್ಬದಲ್ಲಿ ವೇಷ ಹಾಕಿಕೊಂಡು ಬಾಗಿಲಲ್ಲಿ ಬಲೂನು ಹಂಚುವುದು, ಇವೆಲ್ಲ ಬೇರೆ. ನಾನು ಬಲೂನು ಹಂಚಿದ್ದೇನೆ, ಬೇಸರವೇನಿಲ್ಲ. ಆದರೆ ಅದಕ್ಕೂ ಹಣ ಕೇಳಿ ಪಡೆದಿದ್ದೇನೆ. "ಶಾಲೆ ಸೂಚಿಸುವ ಇತರ ಕೆಲಸಗಳು" ಎಂಬ ಸಾಲು ಇದ್ದರೆ ವಾರಕ್ಕೆ ಎಷ್ಟು ಗಂಟೆ ಮೀರಬಾರದು ಎಂಬುದನ್ನು ಪಕ್ಕದಲ್ಲೇ ಬರೆಸಿ. ಭಾಷಾ ಕೇಂದ್ರಗಳಿಗೆ ಮಕ್ಕಳು ಬರುವುದು ತಮ್ಮ ಶಾಲೆ ಬಿಟ್ಟ ಮೇಲೆ. ಹಾಗಾಗಿ ಸಂಜೆ ಮತ್ತು ಶನಿವಾರ, ಭಾನುವಾರವೇ ಭರ್ತಿ ಕೆಲಸ. ರಜೆ ಸೋಮವಾರವೋ ಮಂಗಳವಾರವೋ ಬರುತ್ತದೆ. ಬೆಳಿಗ್ಗೆ ಎರಡು ಗಂಟೆ ಶಿಶುವಿಹಾರದಲ್ಲಿ, ಸಂಜೆ ಮೂರು ಗಂಟೆ ಊರಿನ ಇನ್ನೊಂದು ತುದಿಯ ಶಾಖೆಯಲ್ಲಿ ಹಾಕಿದರೆ ಲೆಕ್ಕಕ್ಕೆ ಐದೇ ಗಂಟೆ, ದಿನ ಪೂರ್ತಿ ಹೋಯಿತು. ಶಾಖೆಗಳು ಎಷ್ಟು, ಒಂದರಿಂದ ಇನ್ನೊಂದಕ್ಕೆ ಎಷ್ಟು ದೂರ, ಓಡಾಟದ ಖರ್ಚು ಯಾರದು ಎಂದು ಕೇಳಿ.

ಗಂಟೆಗೆ ಇಷ್ಟು ಎಂದು ಸಂಬಳವಾದರೆ ಇನ್ನೂ ಎಚ್ಚರ ಬೇಕು. ಕನಿಷ್ಠ ಇಷ್ಟು ಗಂಟೆಯ ಸಂಬಳ ಖಚಿತ ಎಂಬ ಮಾತು ಕರಾರಿನಲ್ಲಿ ಇಲ್ಲದಿದ್ದರೆ ಮಕ್ಕಳು ಕಡಿಮೆಯಾದ ತಿಂಗಳು ನಿಮ್ಮ ಸಂಬಳವೂ ಕಡಿಮೆ. ಜನವರಿ ಕೊನೆಗೋ ಫೆಬ್ರುವರಿಯಲ್ಲೋ ಬರುವ ಚಾಂದ್ರಮಾನ ಹೊಸ ವರ್ಷಕ್ಕೆ ವಿಯೆಟ್ನಾಮಿನಲ್ಲಿ ಎಲ್ಲವೂ ಮುಚ್ಚುತ್ತದೆ. ತಿಂಗಳ ಸಂಬಳದವರಿಗೆ ಅದು ಹಬ್ಬ, ಗಂಟೆ ಲೆಕ್ಕದವರಿಗೆ ಉಪವಾಸ.

ಮನೆ ಉಚಿತ ಎಂದಾಗ ಹಿಗ್ಗಬೇಡಿ. 2007ರ ಅಕ್ಟೋಬರಿನಲ್ಲಿ ಜಪಾನಿನ ಅತಿ ದೊಡ್ಡ ಇಂಗ್ಲಿಷ್ ಸಂಭಾಷಣಾ ಶಾಲೆಗಳ ಸರಣಿಯಾಗಿದ್ದ ನೋವಾ ಕುಸಿದುಬಿತ್ತು. ಸಾವಿರಾರು ವಿದೇಶಿ ಶಿಕ್ಷಕರ ಸಂಬಳ ನಿಂತಿತು. ಅದಕ್ಕಿಂತ ಕೆಟ್ಟದ್ದು ಏನೆಂದರೆ, ಶಿಕ್ಷಕರ ಸಂಬಳದಲ್ಲಿ ಬಾಡಿಗೆ ಎಂದು ಮುರಿದುಕೊಂಡಿದ್ದ ಹಣವನ್ನು ಕಂಪನಿ ಎಷ್ಟೋ ಮನೆಗಳ ಮಾಲೀಕರಿಗೆ ಕಟ್ಟಿಯೇ ಇರಲಿಲ್ಲ. ಬಾಡಿಗೆ ತೆತ್ತವರಿಗೇ ಮನೆ ಖಾಲಿ ಮಾಡಿ ಎಂಬ ನೋಟಿಸು ಬಂತು. ಚೀನಾದಲ್ಲಿ 2021ರ ಜುಲೈನಲ್ಲಿ ಸರ್ಕಾರ ಶಾಲಾ ವಿಷಯಗಳ ಖಾಸಗಿ ಟ್ಯೂಷನ್ ಲಾಭದ ಉದ್ಯಮವಾಗಿ ನಡೆಯಕೂಡದು ಎಂದ ಮೇಲೆ ದೊಡ್ಡ ದೊಡ್ಡ ಕಂಪನಿಗಳೇ ಬಾಗಿಲು ಹಾಕಿದವು. ಅಂದರೆ ಶಾಲೆಯ ಹೆಸರು ದೊಡ್ಡದು ಎಂಬುದೊಂದೇ ಆಧಾರವಾಗದು. ಉಚಿತ ಮನೆಯ ಬದಲು ಬಾಡಿಗೆ ಭತ್ಯೆ ಕೊಡುತ್ತೀರಾ ಎಂದು ಕೇಳಿ. ಕೊಟ್ಟರೆ ಮೊದಲ ತಿಂಗಳು ಅವರ ಕೋಣೆಯಲ್ಲಿದ್ದು ಆಮೇಲೆ ನಿಮ್ಮ ಹೆಸರಿನಲ್ಲೇ ಒಂದು ಕೋಣೆ ಹಿಡಿಯಿರಿ.

ವೀಸಾ ವಿಷಯದಲ್ಲಿ ನಾನು ಹಟಮಾರಿ. "ಸದ್ಯ ಪ್ರವಾಸಿ ವೀಸಾದಲ್ಲಿ ಬನ್ನಿ, ಬಂದ ಮೇಲೆ ಎಲ್ಲ ಸರಿಮಾಡೋಣ" ಎಂದು ಯಾವ ಶಾಲೆ ಬರೆದರೂ ಆ ಮಾತುಕತೆ ಅಲ್ಲಿಗೇ ಮುಗಿಯಬೇಕು. ವಿಯೆಟ್ನಾಮಿನಲ್ಲಿ ವರ್ಕ್ ಪರ್ಮಿಟ್ ಇಲ್ಲದೆ ಸಿಕ್ಕಿಬಿದ್ದ ವಿದೇಶಿ ನೌಕರರಿಗೆ 1.5 ಕೋಟಿಯಿಂದ 2.5 ಕೋಟಿ ಡಾಂಗ್ ದಂಡ, ಜೊತೆಗೆ ಗಡೀಪಾರು. ದಂಡವೇ ಐವತ್ತರಿಂದ ಎಂಬತ್ತು ಸಾವಿರ ರೂಪಾಯಿ ಆಯಿತು. ಸರಿಯಾದ ಶಾಲೆ ನಿಮ್ಮ ಕಾಗದಗಳನ್ನು ಮೊದಲೇ ಕೇಳುತ್ತದೆ: ಪದವಿ, ಬೋಧನೆಯ ಸರ್ಟಿಫಿಕೇಟ್, ಇಂಗ್ಲಿಷ್ ಮಟ್ಟದ ಪ್ರಮಾಣ, ಅಪರಾಧದ ದಾಖಲೆ ಇಲ್ಲವೆಂಬ ಪೊಲೀಸ್ ಕ್ಲಿಯರೆನ್ಸ್. ಕಾಗದ ಕೇಳಿ ಪೀಡಿಸುವ ಶಾಲೆಯೇ ಒಳ್ಳೆಯದು ಎಂದು ತಿಳಿಯಿರಿ.

ಈ ಕಾಗದಗಳ ಕೆಲಸ ಮೈಸೂರಿನಲ್ಲಿದ್ದಾಗಲೇ ಆಗಬೇಕು. ಪೊಲೀಸ್ ಕ್ಲಿಯರೆನ್ಸ್‌ಗೆ ಆನ್‌ಲೈನ್‌ನಲ್ಲಿ ಪಾಸ್‌ಪೋರ್ಟ್ ಸೇವೆಯ ಮೂಲಕ ಅರ್ಜಿ ಹಾಕಬೇಕು. ನಮ್ಮ ಮೇಟಗಳ್ಳಿಯ ಅಂಚೆ ಕಚೇರಿ ಪಾಸ್‌ಪೋರ್ಟ್ ಸೇವಾ ಕೇಂದ್ರ 2017ರ ಜನವರಿಯಲ್ಲಿ ದೇಶದಲ್ಲೇ ಮೊದಲಿಗೆ ಶುರುವಾದವುಗಳಲ್ಲಿ ಒಂದು, 2022ರ ಸೆಪ್ಟೆಂಬರಿನಿಂದ ಅಂಚೆ ಕಚೇರಿಯ ಇಂಥ ಕೇಂದ್ರಗಳಲ್ಲೂ ಈ ಸೇವೆ ಸಿಗುತ್ತಿದೆ. ಪದವಿ ಪತ್ರದ ದೃಢೀಕರಣ ಮಾತ್ರ ವಾರಗಟ್ಟಲೆ ಹಿಡಿಯುತ್ತದೆ: ವಿಶ್ವವಿದ್ಯಾಲಯ, ರಾಜ್ಯದ ಉನ್ನತ ಶಿಕ್ಷಣ ಇಲಾಖೆ, ಆಮೇಲೆ ದೇಶಕ್ಕನುಗುಣವಾಗಿ ವಿದೇಶಾಂಗ ಸಚಿವಾಲಯವೇ ಹಾಕುವ ಅಪಾಸ್ಟಿಲ್ ಎಂಬ ದೃಢೀಕರಣ ಮುದ್ರೆ, ಇಲ್ಲವೇ ಸಚಿವಾಲಯದ ದೃಢೀಕರಣ ಮತ್ತು ಆ ದೇಶದ ರಾಯಭಾರ ಕಚೇರಿಯ ಮುದ್ರೆ. ಇದರ ಖರ್ಚು ಯಾರದು ಎಂಬುದು ಕರಾರಿನಲ್ಲಿ ಇರಲಿ. ಮುಕ್ತಗಂಗೋತ್ರಿಯಲ್ಲಿ, ಅಂದರೆ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದಲ್ಲಿ, ದೂರಶಿಕ್ಷಣದಲ್ಲಿ ಓದಿದವರು ಇನ್ನೊಂದು ಪ್ರಶ್ನೆ ಕೇಳಲೇಬೇಕು. ಕೆಲವು ದೇಶಗಳು ದೂರಶಿಕ್ಷಣದ ಪದವಿಯನ್ನು ಒಪ್ಪುವುದಿಲ್ಲ. ಜೊತೆಗೆ 2013-14ರಿಂದ 2018ರವರೆಗೆ ಮುಕ್ತ ವಿಶ್ವವಿದ್ಯಾಲಯಕ್ಕೆ ಯುಜಿಸಿ ಮಾನ್ಯತೆ ಇರಲಿಲ್ಲವಾದ್ದರಿಂದ ಆ ಅವಧಿಯ ಪದವಿಗೆ ತಕರಾರು ಬರಬಹುದು. ಟಿಕೆಟ್ ಕೊಂಡ ಮೇಲೆ ಇದು ಗೊತ್ತಾಗುವುದು ಬೇಡ.

ಬೋಧನೆಯ ಸರ್ಟಿಫಿಕೇಟ್‌ಗಳಲ್ಲೂ ಕಾಳು ಜೊಳ್ಳು ಇವೆ. ಸೆಲ್ಟಾ ಎಂಬ ಕೇಂಬ್ರಿಡ್ಜ್ ಕೋರ್ಸಿನಲ್ಲಿ ನಿಜವಾದ ವಿದ್ಯಾರ್ಥಿಗಳ ಮುಂದೆ ಆರು ಗಂಟೆ ಪಾಠ ಮಾಡಿ ತೋರಿಸಬೇಕು. ರಿಯಾಯಿತಿ ದರದಲ್ಲಿ ಸಿಗುವ ಆನ್‌ಲೈನ್ ಕೋರ್ಸುಗಳಲ್ಲಿ ಅದು ಇರುವುದಿಲ್ಲ. ಕೆಲವು ಶಾಲೆಗಳಿಗೆ ಎರಡೂ ಒಂದೇ, ಕೆಲವಕ್ಕೆ ಅಲ್ಲ. ಹಣ ಕಟ್ಟುವ ಮುನ್ನ ಶಾಲೆಯನ್ನೇ ಕೇಳಿ.

ಹೇಳಲು ಹಿತವಲ್ಲದ ಒಂದು ಮಾತಿದೆ. ಈ ಉದ್ಯಮದಲ್ಲಿ ಪಾಸ್‌ಪೋರ್ಟಿನ ಬಣ್ಣಕ್ಕೂ ಮುಖದ ಬಣ್ಣಕ್ಕೂ ಬೆಲೆ ಕಟ್ಟುತ್ತಾರೆ. ಕೊರಿಯಾದ ಹಗ್ವಾನ್ ಎಂಬ ಖಾಸಗಿ ಶಾಲೆಗಳಲ್ಲಿ ಇಂಗ್ಲಿಷ್ ಕಲಿಸುವ ವೀಸಾ ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ ಎಂಬ ಏಳು ದೇಶಗಳವರಿಗೆ ಮೀಸಲು. ಆದ್ದರಿಂದ ಹಗ್ವಾನಿನಲ್ಲಿ ಕೆಲಸ ಕೊಡಿಸುತ್ತೇನೆ ಎಂದು ಮೈಸೂರಿನ ಯಾವುದೇ ಏಜೆಂಟ್ ಹೇಳಿದರೆ ಎದ್ದು ಬನ್ನಿ. ಜಪಾನಿನಲ್ಲಿ ಹನ್ನೆರಡು ವರ್ಷ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ದಾಖಲೆ ಕೇಳುವುದುಂಟು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಇಂಗ್ಲಿಷಿನಲ್ಲಿ ಎಂ.ಎ. ಮಾಡಿದವರು ಮೊದಲೇ ವಿಚಾರಿಸಿಕೊಳ್ಳಬೇಕು. ಹನೋಯಿಯಲ್ಲಿ ಒಬ್ಬ ಮ್ಯಾನೇಜರ್ ನನಗೆ, ಪೋಷಕರು ಕೇಳಿದರೆ ಸಿಂಗಪುರದವಳು ಎಂದು ಹೇಳಿ ಎಂದರು. ಮೈಸೂರಿನವಳು ಎಂದೇ ಹೇಳಿದೆ. ಪೋಷಕರಿಗೆ ತಿಳಿಯಬೇಕಾಗಿದ್ದುದು ತಮ್ಮ ಮಗು ಬಾಯಿಬಿಟ್ಟು ಮಾತಾಡುತ್ತದೋ ಇಲ್ಲವೋ ಎಂಬುದಷ್ಟೇ. ಅದೇ ಕೆಲಸಕ್ಕೆ ಬೇರೆ ದೇಶದವರಿಗೆ ಎಷ್ಟು ಕೊಡುತ್ತಾರೆ ಎಂದು ಸಂದರ್ಶನದಲ್ಲೇ ಕೇಳಿ. ಉತ್ತರ ಹೇಗೇ ಇರಲಿ, ಅದನ್ನು ಹೇಳುವ ಧಾಟಿಯಲ್ಲಿ ಶಾಲೆ ನಿಮ್ಮನ್ನು ಹೇಗೆ ನಡೆಸಿಕೊಳ್ಳುತ್ತದೆ ಎಂಬುದು ತಿಳಿಯುತ್ತದೆ.

ಕೊಲ್ಲಿ ದೇಶಗಳ ಭಾಷಾ ಸಂಸ್ಥೆಗಳ ಲೆಕ್ಕ ಬೇರೆ. ಅಲ್ಲಿ ಒಟ್ಟು ಸಂಬಳ ನೋಡಬೇಡಿ, ಮೂಲ ವೇತನ ಎಷ್ಟೆಂದು ನೋಡಿ. ಯುಎಇಯಲ್ಲಿ ಸೇವೆ ಮುಗಿದಾಗ ಕೊಡುವ ಗ್ರಾಚ್ಯುಟಿ ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನದ ಮೂಲ ವೇತನ. ಅರ್ಧಕ್ಕಿಂತ ಹೆಚ್ಚನ್ನು ಭತ್ಯೆ ಎಂದು ಬರೆದರೆ ಕೊನೆಗೆ ಸಿಗುವುದೂ ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ. ನೇಮಕಾತಿಯ ಖರ್ಚನ್ನು ನೌಕರರಿಂದ ವಸೂಲು ಮಾಡುವಂತಿಲ್ಲ ಎಂದು ಅಲ್ಲಿನ 2021ರ ಕಾರ್ಮಿಕ ಕಾನೂನು ಹೇಳುತ್ತದೆ. ಒಮಾನಿನಲ್ಲಿ ಮಾಲೀಕ ಬದಲಿಸಲು ಹಳೆಯ ಮಾಲೀಕನ ನಿರಾಕ್ಷೇಪಣಾ ಪತ್ರ ಬೇಕೆಂಬ ನಿಯಮ 2021ರ ಜನವರಿಯಲ್ಲಿ ಹೋಯಿತು. ಕರಾರು ಮುಗಿಸಿದವರು ಈಗ ಬೇರೆಡೆಗೆ ಹೋಗಬಹುದು. ನಾನಿದ್ದ ಸಂಸ್ಥೆಯ ಕಚೇರಿಯಲ್ಲಿ ಪಾಸ್‌ಪೋರ್ಟುಗಳನ್ನು ರಬ್ಬರ್ ಬ್ಯಾಂಡ್ ಹಾಕಿ ಡ್ರಾಯರಿನಲ್ಲಿ ಇಡುತ್ತಿದ್ದರು. ವೀಸಾ ಅಂಟಿಸುವ ಕೆಲಸ ಮುಗಿದ ದಿನವೇ ಹೋಗಿ ಕೇಳಿ ಪಡೆದೆ. ಕೊಡುವುದಿಲ್ಲ ಎಂದು ಯಾರೂ ಅನ್ನಲಿಲ್ಲ, ಕೇಳುವವರೇ ಇರಲಿಲ್ಲ.

ಏಜೆಂಟ್ ಮೂಲಕ ಹೋಗುವುದಾದರೆ ಆತನ ನೋಂದಣಿ ಸಂಖ್ಯೆಯನ್ನು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಪಟ್ಟಿಯಲ್ಲಿ ನೋಡಿ. ನೋಂದಾಯಿತ ಏಜೆಂಟ್ ಪಡೆಯಬಹುದಾದ ಸೇವಾ ಶುಲ್ಕ ಗರಿಷ್ಠ 30,000 ರೂಪಾಯಿ, ಅದರ ಮೇಲೆ ಜಿಎಸ್‌ಟಿ, ರಸೀದಿ ಕೊಡಲೇಬೇಕು. ಎರಡು ಲಕ್ಷ ಕೇಳುವವನು ಯಾವ ಹೆಸರಿನಲ್ಲಿ ಕೇಳಿದರೂ ಅದು ಲೆಕ್ಕಕ್ಕೆ ಹೊರಗಿನದು. ಹತ್ತನೆಯ ತರಗತಿ ಪಾಸಾದವರಿಗೆ ಹೊರದೇಶದ ಕೆಲಸಕ್ಕೆ ಹೋಗಲು ನಮ್ಮ ಸರ್ಕಾರದ ವಲಸೆ ಅನುಮತಿ ಬೇಕಿಲ್ಲ. ಅದು ಅನುಕೂಲವೂ ಹೌದು, ಅಪಾಯವೂ ಹೌದು. ನಿಮ್ಮ ಕರಾರನ್ನು ಯಾವ ಸರ್ಕಾರಿ ಅಧಿಕಾರಿಯೂ ಓದಿ ನೋಡುವುದಿಲ್ಲ. ಥಾಯ್ಲೆಂಡಿನಲ್ಲಿ ಕೆಲಸ ಎಂದು ಕರೆದೊಯ್ದು ಗಡಿ ದಾಟಿಸಿ ಮ್ಯಾನ್ಮಾರಿನ ಸೈಬರ್ ವಂಚನೆಯ ಕೇಂದ್ರಗಳಲ್ಲಿ ಕೂಡಿಹಾಕಿದ ಪ್ರಕರಣಗಳ ಬಗ್ಗೆ ಸಚಿವಾಲಯ 2022ರ ಸೆಪ್ಟೆಂಬರಿನಲ್ಲೇ ಎಚ್ಚರಿಕೆ ಕೊಟ್ಟಿತ್ತು. ಅಲ್ಲಿ ಬಲಿಯಾದವರು ಓದಿದವರೇ, ಕಂಪ್ಯೂಟರ್ ಮತ್ತು ಇಂಗ್ಲಿಷ್ ಬಲ್ಲವರೇ. ಶಾಲೆಯ ವಿಳಾಸವನ್ನು ಭೂಪಟದಲ್ಲಿ ಹುಡುಕಿ, ವಿಡಿಯೋ ಕರೆಯಲ್ಲಿ ಮ್ಯಾನೇಜರ್ ಮುಖ ಮಾತ್ರವಲ್ಲದೆ ತರಗತಿಯನ್ನೂ ತೋರಿಸಲು ಹೇಳಿ. ಮಕ್ಕಳ ಗಲಾಟೆ ಕೇಳಿಸಿದರೆ ನನಗೆ ಅರ್ಧ ಸಮಾಧಾನ.

ಪೂರ್ತಿ ಸಮಾಧಾನ ಬೇಕಾದರೆ ಅಲ್ಲಿ ಈಗ ಕೆಲಸ ಮಾಡುತ್ತಿರುವವರೊಬ್ಬರ ಜೊತೆ, ಬಿಟ್ಟುಹೋದವರೊಬ್ಬರ ಜೊತೆ ಮಾತಾಡಿ. ಶಾಲೆ ಹೇಗಿದೆ ಎಂದು ಕೇಳಬೇಡಿ, ಚೆನ್ನಾಗಿದೆ ಎನ್ನುತ್ತಾರೆ. ಪಾಂಡವಪುರದ ಹುಡುಗನೊಬ್ಬ ನನ್ನ ಎದುರಿಗೇ ಕುಳಿತು ಹೀಗೆ ಕರೆ ಮಾಡಿದ. ಅತ್ತ ಕಡೆ ಇದ್ದವರು ಫಿಲಿಪ್ಪೀನ್ಸಿನ ಶಿಕ್ಷಕಿ. "ಸಂಬಳ ಸರಿಯಾಗಿ ಬರುತ್ತದೆಯೇ?" ಎಂದ. "ಓ, ಬರುತ್ತದೆ." ನಾನು ಕಾಗದದ ಮೇಲೆ ಬರೆದು ತೋರಿಸಿದೆ. "ಹೋದ ತಿಂಗಳಿನದು ಎಷ್ಟನೆಯ ತಾರೀಖಿಗೆ ಬಂತು?" ಎಂದು ಕೇಳಿದ. ಆಕೆ ಸ್ವಲ್ಪ ತಡೆದು, "ಇನ್ನೂ ಬಂದಿಲ್ಲ" ಎಂದರು. ಆ ದಿನ ತಿಂಗಳ ಇಪ್ಪತ್ತಮೂರನೆಯ ತಾರೀಖು. ಹೀಗೆ ತಾರೀಖು, ಸಂಖ್ಯೆ, ಹೆಸರು ಬರುವ ಪ್ರಶ್ನೆಗಳನ್ನೇ ಕೇಳಿ: ವರ್ಕ್ ಪರ್ಮಿಟ್ ಬರಲು ಎಷ್ಟು ತಿಂಗಳಾಯಿತು, ಈ ವರ್ಷ ಎಷ್ಟು ಶಿಕ್ಷಕರು ಮಧ್ಯದಲ್ಲೇ ಬಿಟ್ಟರು, ಜ್ವರ ಬಂದ ದಿನದ ಸಂಬಳ ಮುರಿದರೇ, ಒಂದು ತರಗತಿಯಲ್ಲಿ ಮಕ್ಕಳು ಎಷ್ಟು, ಯಾವ ಪುಸ್ತಕದಿಂದ ಕಲಿಸುತ್ತೀರಿ. ಮಾತಾಡಿಸಲು ಒಬ್ಬ ಶಿಕ್ಷಕರನ್ನೂ ಕೊಡಲು ಶಾಲೆ ಒಪ್ಪದಿದ್ದರೆ ಮುಂದಿನ ಹುಡುಕಾಟಕ್ಕೆ ತೊಡಗಿ.

ಸಂದರ್ಶನವೂ ನಿಮಗೆ ಶಾಲೆಯನ್ನು ತೋರಿಸುತ್ತದೆ. ಹತ್ತು ನಿಮಿಷ ಮಾತಾಡಿಸಿ, ಒಂದು ಪಾಠವನ್ನೂ ಮಾಡಿಸದೆ, "ಇವತ್ತೇ ಸಹಿ ಹಾಕಿ ಕಳುಹಿಸಿ" ಎನ್ನುವವರಿಗೆ ಬೇಕಾಗಿರುವುದು ಶಿಕ್ಷಕರಲ್ಲ, ನಾಳೆಯ ತರಗತಿಗೆ ನಿಲ್ಲುವ ಒಬ್ಬ ಮನುಷ್ಯ. ಕನಿಷ್ಠ ಮೂರು ದಿನ ಬೇಕು ಎನ್ನಿ.

ಅಪ್ಪ ಅಮ್ಮಂದಿರು ನನ್ನನ್ನು ಕೇಳುವುದು ಬೇರೆಯದೇ: ಅಲ್ಲಿ ಊಟಕ್ಕೇನು, ಮುದ್ದೆ ಸಿಗುತ್ತದೆಯೇ ಎಂದು. ರಾಗಿ ಹಿಟ್ಟು ಇಲ್ಲಿಂದಲೇ ಒಯ್ಯಿರಿ. ಹನೋಯಿಯಲ್ಲಿ ಬೌದ್ಧರು ನಡೆಸುವ ಸಸ್ಯಾಹಾರಿ ಊಟದ ಅಂಗಡಿಗಳಿವೆ, ಉಳಿದ ಕಡೆ ಸಾರಿಗೂ ಮೀನಿನ ರಸ ಬಿದ್ದಿರುತ್ತದೆ.

ಎಲ್ಲ ಸರಿ ಕಂಡು ಸಹಿ ಹಾಕಿದಿರಿ ಎನ್ನೋಣ. ಕರಾರು ಎರಡು ಭಾಷೆಯಲ್ಲಿದ್ದರೆ ವ್ಯಾಜ್ಯ ಬಂದಾಗ ಯಾವ ಭಾಷೆಯ ಪ್ರತಿ ಊರ್ಜಿತ ಎಂಬ ಸಾಲನ್ನು ಹುಡುಕಿ. ಸ್ಥಳೀಯ ಭಾಷೆಯದಾದರೆ ಅದನ್ನು ಬಲ್ಲವರಿಂದ ಓದಿಸಿ. ಶಾಲೆ ನಿಮ್ಮ ಪ್ರಶ್ನೆಗಳಿಗೆ ಬರೆದ ಉತ್ತರಗಳನ್ನೆಲ್ಲ ಮುದ್ರಿಸಿ ಕರಾರಿನ ಜೊತೆ ಇಟ್ಟುಕೊಳ್ಳಿ, ಫೋನಿನಲ್ಲಿ ಹೇಳಿದ್ದನ್ನು "ನೀವು ಹೀಗೆ ಹೇಳಿದಿರಿ" ಎಂದು ಇಮೇಲ್ ಮಾಡಿ ಒಪ್ಪಿಗೆ ಪಡೆಯಿರಿ. ತಲುಪಿದ ವಾರವೇ ಭಾರತೀಯ ರಾಯಭಾರ ಕಚೇರಿಯಲ್ಲಿ ಹೆಸರು ನೋಂದಾಯಿಸಿ. ಸಂಬಳ ನಿಂತರೆ, ಪಾಸ್‌ಪೋರ್ಟ್ ಹಿಡಿದಿಟ್ಟರೆ ದೂರು ಕೊಡಲು ಸಚಿವಾಲಯದ ಮದದ್ ಎಂಬ ವ್ಯವಸ್ಥೆ ಇದೆ. ವಾಪಸ್ ಟಿಕೆಟಿಗೆ ಮತ್ತು ಒಂದು ತಿಂಗಳ ಖರ್ಚಿಗೆ ಆಗುವಷ್ಟು ಹಣ ನಿಮ್ಮ ಇಲ್ಲಿನ ಬ್ಯಾಂಕ್ ಖಾತೆಯಲ್ಲೇ ಇರಲಿ. ತಂಗಿಯ ಮದುವೆಗೆಂದರೂ, ಬೋರ್‌ವೆಲ್ ಕೊರೆಸಲೆಂದರೂ ಮೊದಲ ಕರಾರು ಮುಗಿಯುವವರೆಗೆ ಅದನ್ನು ತೆಗೆಯಬೇಡಿ.